ಕಡಕ್ ರೊಟ್ಟಿಯಿಂದ ಚಂದ್ರನವರೆಗೆ: ಬಾಹ್ಯಾಕಾಶ ಪಯಣವನ್ನು ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸುವ ಬಗೆ

ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನ ಶಿಕ್ಷಕರು ಬಾಹ್ಯಾಕಾಶದ ಪಾಠಕ್ಕೆ ಬಂದಾಗ ಸಾಮಾನ್ಯವಾಗಿ ಭಿತ್ತಿಚಿತ್ರವನ್ನೋ ಮೊಬೈಲಿನ ವಿಡಿಯೊವನ್ನೋ ಆಶ್ರಯಿಸುತ್ತಾರೆ. ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಆರರಿಂದ ಎಂಟನೆಯ ತರಗತಿಯವರೆಗೆ ಕಲಿಸುವ ನಾನೂ ಕೆಲವು ವರ್ಷ ಹಾಗೆಯೇ ಮಾಡಿದೆ. ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದರು. ಮರುದಿನ ಕೇಳಿದರೆ ಚಂದ್ರನ ದೂರ 3,84,400 ಕಿ.ಮೀ. ಎಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಅದೇ ಮಕ್ಕಳ ಕೈಗೆ ಸೀಮೆಸುಣ್ಣ ಕೊಟ್ಟು ಕಪ್ಪುಹಲಗೆಯ ಮೇಲೆ ಭೂಮಿಯನ್ನೂ ಚಂದ್ರನನ್ನೂ ಬರೆಯಿಸಿದಾಗ ಮಾತ್ರ ಎರಡರ ನಡುವೆ ಒಂದು ಗೇಣು ಜಾಗವೂ ಉಳಿಯುತ್ತಿರಲಿಲ್ಲ. ಬಾಯಿಪಾಠವಾದ ಅಂಕಿ ದೂರದ ಅಳವನ್ನು ತಿಳಿಸಿಕೊಟ್ಟಿರಲಿಲ್ಲ. ಆ ಬಳಿಕ ಇಡೀ ಪಾಠವನ್ನು ಊರಿನಲ್ಲಿ ಸಿಗುವ ವಸ್ತುಗಳಿಂದಲೇ ಕಟ್ಟಿಕೊಂಡೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಯಾವ ಶಾಲೆಯಲ್ಲಾದರೂ ಹೆಚ್ಚು ಖರ್ಚಿಲ್ಲದೆ ಇವನ್ನು ಮಾಡಿಸಬಹುದು.

ಎಲ್ಲ ಚಟುವಟಿಕೆಗಳಿಗೂ ಅನ್ವಯಿಸುವ ಒಂದು ಕಟ್ಟುಪಾಡನ್ನು ಮೊದಲೇ ಹೇಳಬೇಕು. ಮಗು ತನ್ನ ಅಂದಾಜನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯದ ಹೊರತು ಪ್ರಯೋಗಕ್ಕೆ ಕೈ ಹಾಕಬಾರದು. ಅಂದಾಜು ಬರೆದ ಮೇಲೆ ಮಾಡಿ ನೋಡಬೇಕು, ನೋಡಿದ ಮೇಲೆ ಅಳೆಯಬೇಕು, ಅಳೆದ ಮೇಲಷ್ಟೇ ಪುಸ್ತಕದ ಪಾರಿಭಾಷಿಕ ಪದ ಬರಬೇಕು. ಬರೆದಿಡದ ಅಂದಾಜು ಉತ್ತರ ಕಂಡೊಡನೆ ‘ನನಗೆ ಮೊದಲೇ ಗೊತ್ತಿತ್ತು ಸರ್’ ಎಂದು ಬದಲಾಗಿಬಿಡುತ್ತದೆ; ಬರೆದಿಟ್ಟದ್ದಾದರೆ ಮಗು ತನ್ನ ತಪ್ಪಿನ ಎದುರು ಒಂದು ಕ್ಷಣವಾದರೂ ನಿಲ್ಲುತ್ತದೆ. ಶಿಕ್ಷಕರಿಗೆ ಇಲ್ಲಿ ಕಷ್ಟದ ಕೆಲಸವೆಂದರೆ ಉತ್ತರ ಗೊತ್ತಿದ್ದೂ ಸುಮ್ಮನಿರುವುದು.

ಮೊದಲನೆಯದು ದೂರದ ಪಾಠ. ಇದಕ್ಕೆ ಬೇಕಾದದ್ದು ಸುಮಾರು 25 ಸೆಂ.ಮೀ. ಅಗಲದ ಒಂದು ಕಡಕ್ ಜೋಳದ ರೊಟ್ಟಿ, ರಟ್ಟಿನ ತುಂಡು, ಸ್ಟೀಲ್ ಲೋಟ, ಅಳತೆಯ ಟೇಪು. ರೊಟ್ಟಿಯೇ ಭೂಮಿ. ಭೂಮಿಯ ವ್ಯಾಸ 12,742 ಕಿ.ಮೀ., ಚಂದ್ರನದು 3,474 ಕಿ.ಮೀ. ಆದ್ದರಿಂದ ನಮ್ಮ ರೊಟ್ಟಿಯ ಲೆಕ್ಕದಲ್ಲಿ ಚಂದ್ರ 7 ಸೆಂ.ಮೀ.ಗಿಂತ ಒಂದು ಕೂದಲು ಚಿಕ್ಕದು. ಲೋಟದ ಬಾಯಿಯನ್ನು ರಟ್ಟಿನ ಮೇಲೆ ಬೋರಲು ಹಾಕಿ ಗೆರೆ ಎಳೆದು ಕತ್ತರಿಸಿದರೆ ಹೆಚ್ಚುಕಡಿಮೆ ಅದೇ ಅಳತೆ ಬರುತ್ತದೆ. ಈ ಭಾಗಾಕಾರವನ್ನು ಮಕ್ಕಳಿಂದಲೇ ಮಾಡಿಸಬೇಕು, ಗಣಿತದ ಅವಧಿಯನ್ನು ಕೇಳಿ ಪಡೆದರೂ ಅಡ್ಡಿಯಿಲ್ಲ. ಅನಂತರ ಒಬ್ಬಳು ರೊಟ್ಟಿ ಹಿಡಿದು ಗೋಡೆಗೆ ಒರಗಿ ನಿಲ್ಲಲಿ. ಚಂದ್ರನನ್ನು ಹಿಡಿದವರು ಒಬ್ಬೊಬ್ಬರಾಗಿ ಬಂದು ತಮಗೆ ಸರಿಯೆನಿಸಿದ ದೂರದಲ್ಲಿ ನಿಂತು, ಸೀಮೆಸುಣ್ಣದಿಂದ ಗುರುತು ಮಾಡಿ ಹೆಸರು ಬರೆಯಲಿ. ನನ್ನ ತರಗತಿಯಲ್ಲಿ ಹೆಚ್ಚಿನ ಗುರುತುಗಳು ಎರಡು ಹೆಜ್ಜೆಯ ಒಳಗೇ ಬೀಳುತ್ತವೆ. ಎಲ್ಲರ ಗುರುತು ಮುಗಿದ ಮೇಲೆ ರೊಟ್ಟಿಯನ್ನೇ ಅಳತೆಗೋಲು ಮಾಡಿಕೊಂಡು ನೆಲದ ಮೇಲೆ ಮೂವತ್ತು ರೊಟ್ಟಿ ಅಳೆಯಬೇಕು. ಏಳೂವರೆ ಮೀಟರ್! ಚಂದ್ರ ತರಗತಿಯ ಬಾಗಿಲು ದಾಟಿ ಪಡಸಾಲೆಗೆ ಹೋಗಿ ನಿಂತಾಗ ಮಕ್ಕಳು ತಮ್ಮ ಹೆಸರಿನ ಗುರುತುಗಳತ್ತ ತಿರುಗಿ ನೋಡುವುದನ್ನು ಗಮನಿಸಬೇಕು.

ಆಗ ಎರಡನೆಯ ಪ್ರಶ್ನೆ ಹಾಕಬೇಕು: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಈ ರೊಟ್ಟಿಯಿಂದ ಎಷ್ಟು ದೂರ? ಚಂದ್ರನ ಪೆಟ್ಟು ತಿಂದ ಮಕ್ಕಳು ಈಗ ಉದಾರವಾಗಿ ಮೂರು ಮೀಟರ್, ನಾಲ್ಕು ಮೀಟರ್ ಎನ್ನುತ್ತಾರೆ. ನಿಲ್ದಾಣ ಹಾರುವ ಎತ್ತರ ಸುಮಾರು 400 ಕಿ.ಮೀ.; ರೊಟ್ಟಿಯ ಅಂಚಿನಿಂದ ಅದು 8 ಮಿ.ಮೀ., ಎಂದರೆ ಕಿರುಬೆರಳಿನ ದಪ್ಪಕ್ಕೂ ಕಡಿಮೆ. ಬಾಹ್ಯಾಕಾಶದ ಗಡಿಯೆಂದು ಸಾಮಾನ್ಯವಾಗಿ ಹೇಳುವ 100 ಕಿ.ಮೀ. ಎತ್ತರ 2 ಮಿ.ಮೀ. ಮಾತ್ರ. ಇದನ್ನು ನಮ್ಮ ಭಾಗದ ರಸ್ತೆಗಳ ಮೇಲೆ ಹಾಸಿ ತೋರಿಸುವುದು ನನಗೆ ಇಷ್ಟ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ ರಸ್ತೆಯನ್ನು ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿದ್ದೇವೆಂದು ಕಲ್ಪಿಸಿಕೊಂಡರೆ, ನವನಗರದ ಆಸುಪಾಸಿನಲ್ಲಿ ದೊಡ್ಡ ವಿಮಾನಗಳ ಎತ್ತರ ಸಿಗುತ್ತದೆ, ಬೆಳಗಾವಿ ಮುಟ್ಟುವ ಹೊತ್ತಿಗೆ ಬಾಹ್ಯಾಕಾಶ ಸಿಗುತ್ತದೆ, ಬೆಂಗಳೂರಿನ ದೂರ ಹೋದರೆ ನಿಲ್ದಾಣದ ಬಾಗಿಲು. ಸೂರ್ಯನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ: ಅದು 27 ಮೀಟರ್ ಅಗಲದ ಚೆಂಡಾಗಿ ಮೂರು ಕಿ.ಮೀ.ಗೆ ತುಸು ಕಡಿಮೆ ದೂರದಲ್ಲಿ ಇರಬೇಕಾಗುತ್ತದೆ, ಅಷ್ಟು ದೂರದಲ್ಲಿ ತಮ್ಮ ಊರಿನಿಂದ ಏನಿದೆಯೆಂಬುದನ್ನು ಮಕ್ಕಳೇ ಹೇಳಲಿ. ಭೂಮಿ ರೊಟ್ಟಿಯಂತೆ ಚಪ್ಪಟೆಯಲ್ಲ ಎಂಬ ಮಾತನ್ನು ಆರಂಭದಲ್ಲೇ ಹೇಳಿಬಿಡುವುದು ಕ್ಷೇಮ. ಅಷ್ಟೇ ಅಗಲದ ಚೆಂಡು ಶಾಲೆಯಲ್ಲಿದ್ದರೆ ಅದೇ ಉತ್ತಮ. ಆದರೆ ಚೆಂಡನ್ನು ಪಾಠದ ಕೊನೆಗೆ ಶೇಂಗಾ ಚಟ್ನಿಯ ಜೊತೆ ಹಂಚಿಕೊಂಡು ತಿನ್ನಲಾಗದು.

ಅದೇ ರೊಟ್ಟಿಯಿಂದ 70 ಸೆಂ.ಮೀ. ದೂರದಲ್ಲಿ ಒಂದು ಗುಂಡುಪಿನ್ನು ಹಿಡಿಸಿ, ಮನೆಯ ಟಿ.ವಿ.ಗೆ ಕಾರ್ಯಕ್ರಮ ಕಳಿಸುವ ಉಪಗ್ರಹ ಇಲ್ಲಿದೆ ಎಂದು ಹೇಳಿ, ಮಕ್ಕಳನ್ನು ಊರಿನೊಳಗೆ ಕಳಿಸಬಹುದು. ದಿಕ್ಸೂಚಿ ಹಿಡಿದ ಮೂರು ಮೂರು ಮಕ್ಕಳ ತಂಡ ಒಂದೊಂದು ಓಣಿಗೆ ಹೋಗಿ, ಮಾಳಿಗೆಯ ಮೇಲಿನ ಡಿಶ್‌ಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ಬಾಣದ ಗುರುತಿನಿಂದ ನಕ್ಷೆಯ ಮೇಲೆ ದಾಖಲಿಸಲಿ. ಎಲ್ಲ ತಂಡಗಳ ಬಾಣಗಳನ್ನು ಒಂದೇ ಹಾಳೆಗೆ ಇಳಿಸಿದಾಗ ಅವೆಲ್ಲ ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಬಿದ್ದಿರುತ್ತವೆ. ಒಂದೇ ಕಂಪನಿಯವು ಒಂದೇ ಕಡೆ ನೋಡುತ್ತಿರುತ್ತವೆ. ಡಿಡಿ ಫ್ರೀ ಡಿಶ್‌ನ ತಟ್ಟೆಗಳು ಸರಿಸುಮಾರು ಆಗ್ನೇಯಕ್ಕೆ ತಿರುಗಿರುತ್ತವೆ. ತಟ್ಟೆ ಅಲ್ಲಾಡುವುದಿಲ್ಲ, ಹಾಗಿದ್ದರೆ ಉಪಗ್ರಹ ಆಕಾಶದಲ್ಲಿ ನಿಂತೇ ಇದೆಯೇ? ಭೂಮಧ್ಯರೇಖೆಯ ನೇರಕ್ಕೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಭೂಮಿ ತನ್ನ ಸುತ್ತ ತಿರುಗುವಷ್ಟೇ ಕಾಲ ಹಿಡಿಯುವುದರಿಂದ ಅದು ನಮಗೆ ನಿಂತಂತೆ ಕಾಣುತ್ತದೆ. ಇಂತಹ ನಮ್ಮ ದೇಶದ ಉಪಗ್ರಹಗಳನ್ನು ಹಾಸನದಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುತ್ತಾರೆ ಎಂಬುದನ್ನು ಸೇರಿಸಿದರೆ, ರಜೆಯಲ್ಲಿ ಆ ಕಡೆ ಹೋಗುವ ಮಕ್ಕಳಿಗೆ ನೋಡಲು ಒಂದು ನೆಪ ಸಿಗುತ್ತದೆ.

ರಾಕೆಟ್ಟಿನ ಪಾಠಕ್ಕೆ ಬಲೂನು, ನಮ್ಮ ಕಡೆಯ ಮಾತಿನಲ್ಲಿ ಪುಗ್ಗಾ, ಸಾಕು. ಗೋಡೆಯಿಂದ ಗೋಡೆಗೆ ನೈಲಾನ್ ದಾರ ಬಿಗಿದು, ದಾರಕ್ಕೆ ಮೊದಲೇ ಪೋಣಿಸಿದ ಎಳನೀರಿನ ನಳಿಕೆಗೆ ಊದಿದ ಪುಗ್ಗೆಯನ್ನು ಅಂಟುಪಟ್ಟಿಯಿಂದ ಹಚ್ಚಿ ಬಾಯಿ ಬಿಟ್ಟರೆ ಅದು ಸರ್ರನೆ ಓಡುತ್ತದೆ. ಇಲ್ಲಿ ಬಹುತೇಕ ಮಕ್ಕಳು, ಕೆಲವೊಮ್ಮೆ ದೊಡ್ಡವರೂ, ಹೊರಬಿದ್ದ ಗಾಳಿ ಹಿಂದಿನ ಗಾಳಿಯನ್ನು ಒದ್ದದ್ದರಿಂದ ಪುಗ್ಗೆ ಮುಂದೆ ಹೋಯಿತು ಎಂದು ಬರೆಯುತ್ತಾರೆ. ಹಾಗಿದ್ದರೆ ಗಾಳಿಯೇ ಇಲ್ಲದ ಕಡೆ ರಾಕೆಟ್ಟು ಏನನ್ನು ಒದೆಯುತ್ತದೆ ಎಂಬ ಮರುಪ್ರಶ್ನೆ ಹಾಕಿ ಒಂದು ದಿನ ಹಾಗೆಯೇ ಬಿಡುವುದು ಒಳ್ಳೆಯದು. ಪುಗ್ಗೆ ತನ್ನೊಳಗಿನ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಆ ಗಾಳಿ ಪುಗ್ಗೆಯನ್ನು ಮುಂದಕ್ಕೆ ತಳ್ಳುತ್ತದೆ; ಮೂರನೆಯವರು ಇಲ್ಲಿ ಬೇಕಿಲ್ಲ.

ಮರುದಿನ ನೀರಿನ ರಾಕೆಟ್ಟು. ತಂಪು ಪಾನೀಯದ ಒಂದು ಅಥವಾ ಎರಡು ಲೀಟರಿನ ಬಾಟಲಿ, ಅದರ ಬಾಯಿಗೆ ಬಿಗಿಯಾಗಿ ಕೂರುವ ರಬ್ಬರಿನ ಬೂಚು, ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿ, ಉದ್ದ ನಳಿಕೆಯ ಸೈಕಲ್ ಪಂಪು ಬೇಕು. ಸೂಜಿಯನ್ನು ಬೂಚಿನ ನಡುವಿನಿಂದ ತೂರಿಸಿ, ಬಾಟಲಿಗೆ ಮೂರನೆಯ ಒಂದು ಭಾಗ ನೀರು ತುಂಬಿ, ಬೂಚು ಬಿಗಿದು, ಬಾಯಿ ಕೆಳಗಾಗುವಂತೆ ನಾಲ್ಕು ಇಟ್ಟಿಗೆಗಳ ನಡುವೆ ಅಲುಗಾಡದಂತೆ ನಿಲ್ಲಿಸಿ ಗಾಳಿ ಹೊಡೆದರೆ, ಒತ್ತಡ ತಾಳದೆ ಬೂಚು ಜಾರಿ ಬಾಟಲಿ ಮೇಲಕ್ಕೆ ಚಿಮ್ಮುತ್ತದೆ. ಕುಡಿಯುವ ನೀರಿನ ತೆಳು ಬಾಟಲಿಯನ್ನಾಗಲಿ ಗಾಜಿನ ಬಾಟಲಿಯನ್ನಾಗಲಿ ಎಂದಿಗೂ ಬಳಸಬಾರದು, ಪಂಪನ್ನು ಶಿಕ್ಷಕರೇ ಹೊಡೆಯಬೇಕು, ಮಕ್ಕಳು ಕನಿಷ್ಠ ಹತ್ತು ಮೀಟರ್ ಹಿಂದೆ ಸುಣ್ಣದ ಗೆರೆಯಾಚೆ ನಿಲ್ಲಬೇಕು, ಹಾರದೆ ನಿಂತ ಬಾಟಲಿಯ ಮೇಲೆ ಯಾರೂ ಬಗ್ಗಿ ನೋಡಬಾರದು. ನಾನು ಮೊದಲ ಸಲ ಮಾಡಿದಾಗ ಎರಡೇ ಇಟ್ಟಿಗೆ ಇಟ್ಟಿದ್ದೆ. ಕೊನೆಯ ಗಳಿಗೆಯಲ್ಲಿ ಬಾಟಲಿ ವಾಲಿ, ಬಿಸಿಯೂಟದ ಕೋಣೆಯ ಬಾಗಿಲಿಗೆ ಹೊಡೆದು, ಅಡುಗೆಯವರ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅಂದಿನಿಂದ ಇಟ್ಟಿಗೆ ನಾಲ್ಕು, ಜಾಗ ಆಟದ ಮೈದಾನದ ನಡುವೆ. ಋತುವನ್ನೂ ನೋಡಿಕೊಳ್ಳಬೇಕು. ನಮ್ಮ ಜಿಲ್ಲೆಯ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ನಮ್ಮ ಬಯಲಿನ ಗಾಳಿಗೆ ಹಗುರ ಬಾಟಲಿ ಪಕ್ಕದ ಹೊಲದ ಪಾಲಾಗುತ್ತದೆ. ದೀಪಾವಳಿ ಕಳೆದ ಮೇಲಿನ ಬೆಳಗಿನ ಹೊತ್ತು ಪ್ರಶಸ್ತ.

ಕೇಳಬೇಕಾದ ಪ್ರಶ್ನೆಯೊಂದೇ: ನೀರಿಲ್ಲದೆ ಬರೀ ಗಾಳಿ, ಕಾಲುಭಾಗ ನೀರು, ಅರ್ಧ ನೀರು, ಬಹುತೇಕ ತುಂಬಿದ ನೀರು, ಇವುಗಳಲ್ಲಿ ಯಾವುದು ಹೆಚ್ಚು ಮೇಲೆ ಹೋಗುತ್ತದೆ? ನೀರು ತೂಕವಾದ್ದರಿಂದ ಬರೀ ಗಾಳಿಯೇ ಗೆಲ್ಲುತ್ತದೆ ಎಂದು ಅಂದಾಜಿಸಿದವರು ಸೋಲುತ್ತಾರೆ, ಹೆಚ್ಚು ನೀರು ಹೆಚ್ಚು ಬಲ ಎಂದವರೂ ಸೋಲುತ್ತಾರೆ. ಹಿಂದಕ್ಕೆ ಎಸೆಯಲು ಭಾರವಿರುವ ಏನಾದರೂ ಬೇಕು, ಎಸೆಯುವ ಶಕ್ತಿಗೆ ಒತ್ತಿಹಿಡಿದ ಗಾಳಿಯೂ ಬೇಕು, ಹೊರಬೇಕಾದ ಹೊರೆ ಮಿತಿಯಲ್ಲಿಯೂ ಇರಬೇಕು ಎಂಬ ಮೂರು ಮಾತು ಆ ನಾಲ್ಕು ಹಾರಾಟಗಳಿಂದ ತಾನಾಗಿ ಹೊರಬರುತ್ತದೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ, ಟಿಪ್ಪುವಿನ ಕಾಲದ ಮೈಸೂರಿನ ರಾಕೆಟ್ಟುಗಳ ಬಗ್ಗೆ, 1799ರ ಬಳಿಕ ಇಂಗ್ಲಿಷರು ಅವನ್ನು ತಮ್ಮ ದೇಶಕ್ಕೆ ಒಯ್ದು ಅಭ್ಯಾಸ ಮಾಡಿದ ಬಗ್ಗೆ ಹೇಳಲು ಇದೇ ತಕ್ಕ ಸಮಯ.

ಚಂದ್ರಯಾನ-3 ಶ್ರೀಹರಿಕೋಟಾದಿಂದ ಹೊರಟದ್ದು 2023ರ ಜುಲೈ 14ರಂದು, ಚಂದ್ರನ ಮೇಲೆ ಇಳಿದದ್ದು ಆಗಸ್ಟ್ 23ರ ಸಂಜೆ. ಇಷ್ಟು ದಿನ ಏಕೆ ಬೇಕಾಯಿತು ಎಂದು ಚುರುಕಾದ ಮಕ್ಕಳು ಕೇಳಿಯೇ ಕೇಳುತ್ತಾರೆ. ಇದಕ್ಕೆ ನಮ್ಮ ಭಾಗದಲ್ಲಿ ಸಿದ್ಧವಾದ ಉಪಕರಣ ಪಂಚಮಿಯ ಜೋಕಾಲಿ. ಆ ವರ್ಷ ನಾಗರ ಪಂಚಮಿ ಆಗಸ್ಟ್ 21ಕ್ಕೆ ಬಂದಿದ್ದರಿಂದ ಮಕ್ಕಳು ಜೋಕಾಲಿ ಜೀಕಿದ ಎರಡೇ ದಿನಕ್ಕೆ ಚಂದ್ರಯಾನದ ಲ್ಯಾಂಡರ್, ಎಂದರೆ ನೆಲಕ್ಕಿಳಿಯುವ ನೌಕೆಯಾದ ವಿಕ್ರಮ ಇಳಿಯಿತು. ಶಾಲೆಯಲ್ಲಿ ಜೋಕಾಲಿ ಕಟ್ಟಲು ಮರವಿಲ್ಲದಿದ್ದರೆ ಜಂತಿಗೆ ಹಗ್ಗ ಕಟ್ಟಿ ಕೆಳಗೆ ಒಂದು ಮಣ್ಣಿನ ಚೀಲ ತೂಗುಬಿಟ್ಟರೂ ನಡೆಯುತ್ತದೆ. ಚೀಲ ತನ್ನ ಓಟದ ಅತಿ ಕೆಳಗಿನ ಜಾಗಕ್ಕೆ ಬಂದಾಗಲೆಲ್ಲ, ಅದು ಹೋಗುತ್ತಿರುವ ದಿಕ್ಕಿಗೇ ಅಂಗೈಯಿಂದ ಒಂದು ಸಣ್ಣ ತಳ್ಳು ಕೊಡಬೇಕು. ಪ್ರತಿ ಸಲವೂ ಅದು ಆಚೆ ಬದಿಯಲ್ಲಿ ಎಷ್ಟು ಮೇಲೇರಿತೆಂದು ಗೋಡೆಯ ಮೇಲೆ ಗುರುತು ಹಾಕಬೇಕು. ಐದು ಸಣ್ಣ ತಳ್ಳುಗಳಲ್ಲಿ ಅದು ಏರುವ ಎತ್ತರವನ್ನು ಒಂದೇ ತಳ್ಳಿನಲ್ಲಿ ಮುಟ್ಟಿಸಲು ಎಂಥ ಬಲಬೇಕೆಂದು ಮಕ್ಕಳೇ ಪ್ರಯತ್ನಿಸಿ ನೋಡಲಿ. ಚಂದ್ರಯಾನವೂ ಭೂಮಿಗೆ ಹತ್ತಿರ ಬಂದು ಅತಿ ವೇಗದಲ್ಲಿದ್ದಾಗ ಎಂಜಿನ್ ಉರಿಸಿ, ಐದು ಸಲ ಹೀಗೆ ತನ್ನ ಕಕ್ಷೆಯನ್ನು ಹಿಗ್ಗಿಸಿಕೊಂಡು, ಆಗಸ್ಟ್ 1ರಂದು ಚಂದ್ರನತ್ತ ಹೊರಟು, 5ರಂದು ಅದರ ಕಕ್ಷೆ ಸೇರಿತು. ದೊಡ್ಡ ರಾಕೆಟ್ಟಿದ್ದ ಅಮೆರಿಕದ ಅಪೊಲೊ ಯಾತ್ರಿಗಳು ಮೂರು ನಾಲ್ಕು ದಿನಗಳಲ್ಲಿ ಹೋದರು. ಜೀಕಿ ಹೋಗುವುದು ಸಣ್ಣ ರಾಕೆಟ್ಟಿನ ಜಾಣತನ. ಚೀಲ ಕೆಳಗೆ ಬರುವಾಗ ಎದುರು ದಿಕ್ಕಿಗೆ ತಳ್ಳಿದರೆ ಏನಾಗುತ್ತದೆ ಎಂಬುದನ್ನೂ ಬಿಡದೆ ಮಾಡಿಸಬೇಕು, ಚಂದ್ರನ ಬಳಿ ಹೋದ ಮೇಲೆ ವೇಗ ಇಳಿಸಿದ್ದು ಹಾಗೆಯೇ.

ಇನ್ನು ಈ ಇಡೀ ವಿಷಯದಲ್ಲಿ ಅತ್ಯಂತ ಬೇರೂರಿದ ತಪ್ಪು ತಿಳಿವಳಿಕೆಗೆ ಬರಬೇಕು: ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ಗಗನಯಾತ್ರಿಗಳು ತೇಲುತ್ತಾರೆ. ಇದಕ್ಕೆ ಕನಿಷ್ಠ ಎರಡು ಅವಧಿಗಳನ್ನು ಮೀಸಲಿಡಿ ಎಂಬುದು ನನ್ನ ಸಲಹೆ. ಹೇಳಿ ಬಿಡಿಸಲು ಹೋದರೆ ಈ ತಪ್ಪು ಬಿಡುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯೊಂದರ ತಳದ ಹತ್ತಿರ ಬಿಸಿ ಮಾಡಿದ ಮೊಳೆಯಿಂದ ತೂತು ಮಾಡಿ, ಬೆರಳಿನಿಂದ ಮುಚ್ಚಿಕೊಂಡು ನೀರು ತುಂಬಬೇಕು. ಬೆರಳು ತೆಗೆದರೆ ನೀರು ಚಿಮ್ಮುತ್ತದೆ, ಸರಿ. ಈಗ ಬೆಂಚಿನ ಮೇಲೆ ನಿಂತು, ಬೆರಳು ತೆಗೆದ ಬಾಟಲಿಯನ್ನು ಕೈಬಿಟ್ಟರೆ ಬೀಳುವ ಆ ಹೊತ್ತಿನಲ್ಲಿ ನೀರಿನ ಧಾರೆ ಏನಾಗುತ್ತದೆ? ಜೋರಾಗುತ್ತದೆ, ಮೇಲ್ಮುಖವಾಗುತ್ತದೆ, ಹಾಗೆಯೇ ಇರುತ್ತದೆ, ನಿಲ್ಲುತ್ತದೆ, ಈ ನಾಲ್ಕರಲ್ಲಿ ಒಂದನ್ನು ಎಲ್ಲರೂ ಬರೆಯಲಿ. ಕೆಳಗೆ ಬಕೆಟ್ ಇಟ್ಟು ಬಿಟ್ಟು ನೋಡಿದರೆ ಧಾರೆ ನಿಂತೇ ಹೋಗುತ್ತದೆ. ಒಂದೇ ಸಲಕ್ಕೆ ಯಾರೂ ನಂಬುವುದಿಲ್ಲ. ಮೊಬೈಲಿನ ನಿಧಾನಗತಿಯ ವಿಡಿಯೊ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬಾಟಲಿಯೂ ನೀರೂ ಒಟ್ಟಿಗೆ ಒಂದೇ ವೇಗದಲ್ಲಿ ಬೀಳುತ್ತಿರುವಾಗ ನೀರು ಬಾಟಲಿಯನ್ನು ಒತ್ತುವುದಿಲ್ಲ, ಒತ್ತಡವಿಲ್ಲದ ಮೇಲೆ ತೂತಿನಿಂದ ಹೊರಬರುವುದೂ ಇಲ್ಲ. ಗುರುತ್ವಾಕರ್ಷಣೆ ಎಲ್ಲಿಯೂ ಹೋಗಿರಲಿಲ್ಲ, ಬಾಟಲಿ ಬಿದ್ದದ್ದೇ ಅದರಿಂದ.

ಇಷ್ಟಾದ ಮೇಲೆ ಒಂದು ಲೆಕ್ಕ ಕೊಡಬೇಕು. 400 ಕಿ.ಮೀ. ಎತ್ತರದ ಒಂದು ಗೋಪುರ ಕಟ್ಟಿ, ಅದರ ತುದಿಯಲ್ಲಿ ಸ್ಪ್ರಿಂಗಿನ ತಕ್ಕಡಿ ಇಟ್ಟು, ಇಲ್ಲಿ 30 ಕಿ.ಗ್ರಾಂ. ತೂಗುವ ಮಗುವನ್ನು ನಿಲ್ಲಿಸಿದರೆ ತಕ್ಕಡಿ ಸುಮಾರು ಇಪ್ಪತ್ತಾರೂವರೆ ಕಿ.ಗ್ರಾಂ. ತೋರಿಸುತ್ತದೆ, ಸೆಳೆತ ನೂರಕ್ಕೆ ಎಂಬತ್ತೊಂಬತ್ತರಷ್ಟು ಅಲ್ಲಿಯೂ ಇದೆ. ಅಂದ ಮೇಲೆ ನಿಲ್ದಾಣವೂ ಅದರೊಳಗಿನವರೂ ನಮ್ಮ ಬಾಟಲಿ ಮತ್ತು ನೀರಿನಂತೆ ಒಟ್ಟಿಗೆ ಬೀಳುತ್ತಿದ್ದಾರೆ. ಆಗ ತರಗತಿಯಲ್ಲಿ ಯಾರಾದರೂ ಕೇಳಲೇಬೇಕು: ಬೀಳುತ್ತಿದ್ದರೆ ನೆಲಕ್ಕೇಕೆ ಬಂದು ಅಪ್ಪಳಿಸುವುದಿಲ್ಲ? ಯಾರೂ ಕೇಳದಿದ್ದರೆ ಪಾಠವನ್ನು ಒಂದು ಹೆಜ್ಜೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಉತ್ತರಕ್ಕೆ ಹಲಗೆಯ ಮೇಲೆ ಭೂಮಿಯ ಬಾಗಿದ ಗೆರೆ ಎಳೆದು ಎರಡು ಅಂಕಿ ಬರೆದರೆ ಸಾಕು. ಕೈಬಿಟ್ಟ ಕಲ್ಲು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. ಭೂಮಿಯ ಮೈ 8 ಕಿ.ಮೀ. ದೂರ ಹೋಗುವಷ್ಟರಲ್ಲಿ ಸುಮಾರು 5 ಮೀಟರ್ ಕೆಳಗೆ ಬಾಗುತ್ತದೆ. ಗಾಳಿಯ ತಡೆಯಿಲ್ಲದ ಕಡೆ ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಅಡ್ಡಲಾಗಿ ಎಸೆದ ಕಲ್ಲು ಎಷ್ಟು ಬಿದ್ದರೂ ನೆಲ ಅಷ್ಟೇ ಕೆಳಗೆ ಸರಿದಿರುತ್ತದೆ. ನಿಲ್ದಾಣದ ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ.; ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗುವ ಬೆಂಗಳೂರಿಗೆ ಆ ವೇಗದಲ್ಲಿ ಒಂದು ನಿಮಿಷವೂ ಹಿಡಿಯದು. ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಅಲ್ಲಿನವರು ನಮ್ಮ ಒಂದು ದಿನದಲ್ಲಿ ಸುಮಾರು ಹದಿನಾರು ಸೂರ್ಯೋದಯ ನೋಡುತ್ತಾರೆ.

ಸುತ್ತುವ ಕಲ್ಲಿನ ಅನುಭವ ನಮ್ಮ ಮಕ್ಕಳಿಗೆ ಹೊಸದಲ್ಲ. ಬಿಳಿಜೋಳ ಹಾಲ್ದೆನೆಗೆ ಬಂದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದ ಅಜ್ಜಂದಿರು ಪ್ರತಿ ಊರಿನಲ್ಲಿದ್ದಾರೆ, ಅಂಥವರೊಬ್ಬರನ್ನು ಮೈದಾನಕ್ಕೆ ಕರೆಸಿ, ಕವಣೆಯ ಎಳೆಯನ್ನು ಯಾವ ಕ್ಷಣದಲ್ಲಿ ಬಿಡುತ್ತಾರೆಂದು ಕೇಳಿಸಬಹುದು. ಮಕ್ಕಳ ಕೈಗೆ ಕವಣೆ ಕೊಡುವುದು ಬೇಡ. ಅವರಿಗೆ ಒಂದು ಕಡೆ ಒಂದಿಂಚು ಕತ್ತರಿಸಿದ ಅಗಲವಾದ ಪ್ಲಾಸ್ಟಿಕ್ ಬಳೆ ಮತ್ತು ಚಿಕ್ಕ ಗೋಲಿ ಸಾಕು. ಬಳೆಯನ್ನು ನೆಲಕ್ಕೆ ಒತ್ತಿ ಹಿಡಿದು ಒಳಗೋಡೆಗುಂಟ ಗೋಲಿ ಉರುಳಿಸಿದಾಗ, ಕತ್ತರಿಸಿದ ಸಂದಿಗೆ ಬಂದ ಗೋಲಿ ಬಾಗುತ್ತಾ ಹೋಗುವುದಿಲ್ಲ, ಬಳೆಯ ಕೇಂದ್ರದಿಂದ ನೇರ ಹೊರಕ್ಕೂ ಚಿಮ್ಮುವುದಿಲ್ಲ. ಆ ಗಳಿಗೆಯಲ್ಲಿ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಆ ನೇರಕ್ಕೆ ಓಡುತ್ತದೆ. ಬಾಗಿಸುತ್ತಿದ್ದದ್ದು ಬಳೆ. ಭೂಮಿಯ ಸುತ್ತ ಆ ಬಳೆಯ ಕೆಲಸವನ್ನು ಗುರುತ್ವಾಕರ್ಷಣೆ ಮಾಡುತ್ತದೆ.

ಇಳಿಯುವ ಪಾಠಕ್ಕೆ ಹಲವು ಕಡೆ ಮೊಟ್ಟೆಯನ್ನು ಎತ್ತರದಿಂದ ಬಿಡುವ ಸ್ಪರ್ಧೆ ಮಾಡಿಸುತ್ತಾರೆ. ನನಗೆ ಅದು ಸರಿಬರಲಿಲ್ಲ. ಬಿಸಿಯೂಟದಲ್ಲಿ ಮೊಟ್ಟೆಗಾಗಿ ಕಾಯುವ ಮಕ್ಕಳ ಎದುರು ಮೊಟ್ಟೆ ಒಡೆಯುವುದು ಚೆನ್ನಾಗಿರದು, ಮೊಟ್ಟೆ ಮುಟ್ಟದ ಮನೆಯ ಮಕ್ಕಳು ದೂರ ನಿಲ್ಲುವುದೂ ಬೇಡ. ಅದರ ಬದಲು ಸುಟ್ಟ ಹಪ್ಪಳ ಬಳಸುತ್ತೇನೆ, ಚೂರು ಏಟಿಗೂ ಮುರಿಯುವ ಅದಕ್ಕಿಂತ ಪ್ರಾಮಾಣಿಕ ಪರೀಕ್ಷಕ ಇನ್ನೊಂದಿಲ್ಲ. ನಾಲ್ಕು ಮಕ್ಕಳ ಪ್ರತಿ ತಂಡಕ್ಕೂ ಒಂದು ರಟ್ಟಿನ ಡಬ್ಬಿ, ಒಂದು ಸಣ್ಣ ಹಪ್ಪಳ, ಹಿಡಿ ಹತ್ತಿ, ಗೋವಿನಜೋಳದ ತೆನೆಯ ಒಣಸಿಪ್ಪೆ, ರಬ್ಬರ್ ಬ್ಯಾಂಡು, ಪೊರಕೆಕಡ್ಡಿ, ಒಂದು ಪ್ಲಾಸ್ಟಿಕ್ ಹಾಳೆ, ದಾರ ಕೊಟ್ಟು, ಮೂರು ಮೀಟರ್ ಎತ್ತರದಿಂದ ಬಿಟ್ಟರೂ ಹಪ್ಪಳ ಉಳಿಯುವಂಥ ನೌಕೆ ಕಟ್ಟಲು ಹೇಳಬೇಕು. ಎಲ್ಲ ತಂಡಗಳೂ ಪ್ಲಾಸ್ಟಿಕ್ ಹಾಳೆಯಿಂದ ಪ್ಯಾರಾಚೂಟು ಮಾಡುತ್ತವೆ, ಮಾಡಲಿ. ಮೊದಲ ಸುತ್ತು ಮುಗಿದು ಬಹಳಷ್ಟು ಹಪ್ಪಳಗಳು ಉಳಿದ ಮೇಲೆ, ಎರಡನೆಯ ಸುತ್ತು ಚಂದ್ರನ ಮೇಲೆ ಎಂದು ಘೋಷಿಸಿ ಎಲ್ಲ ಪ್ಯಾರಾಚೂಟುಗಳನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕು. ಆಗ ಏಳುವ ಗದ್ದಲದಲ್ಲಿಯೇ ಪಾಠವಿದೆ: ಗಾಳಿಯಿಲ್ಲದ ಚಂದ್ರನಲ್ಲಿ ಪ್ಯಾರಾಚೂಟು ಬರೀ ಬಟ್ಟೆ. ವಿಕ್ರಮ ಎಂಜಿನ್ನುಗಳನ್ನು ಕೆಳಮುಖವಾಗಿ ಉರಿಸಿ ವೇಗ ತಗ್ಗಿಸಿಕೊಂಡು, ಉಳಿದ ಏಟನ್ನು ಕಾಲುಗಳಿಂದ ತಡೆದುಕೊಂಡು ಇಳಿಯಿತು.

ಇಲ್ಲಿ 2019ರ ಸೆಪ್ಟೆಂಬರ್ 7ರ ಮಾತನ್ನು ಮುಚ್ಚಿಡಬಾರದು. ಆ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ ಮೆತ್ತಗೆ ಇಳಿಯಲಾರದೆ ಅಪ್ಪಳಿಸಿತು. ಮುಂದಿನ ನೌಕೆಯ ಕಾಲುಗಳನ್ನು ಸೆಕೆಂಡಿಗೆ 2 ಮೀಟರಿನ ಬದಲು 3 ಮೀಟರ್ ವೇಗದ ಏಟನ್ನು ತಾಳುವಂತೆ ಗಟ್ಟಿಗೊಳಿಸಿದರು. ಇಳಿಯಬೇಕಾದ ಜಾಗವನ್ನು ಅರ್ಧ ಕಿ.ಮೀ. ಉದ್ದಗಲದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಸೆಕೆಂಡಿಗೆ 3 ಮೀಟರ್ ಎಂದರೆ ಎಷ್ಟು ಎಂಬುದನ್ನು ಮಕ್ಕಳಿಗೆ ತೋರಿಸುವುದು ಸುಲಭ: ಇಲ್ಲಿ ನಮ್ಮ ನೆಲದ ಮೇಲೆ ಸುಮಾರು 45 ಸೆಂ.ಮೀ. ಎತ್ತರದಿಂದ, ಕೂರುವ ಬೆಂಚಿನಷ್ಟು ಮೇಲಿನಿಂದ, ಬಿಟ್ಟ ವಸ್ತು ನೆಲ ಮುಟ್ಟುವ ವೇಗ ಅದು. ಎರಡನೆಯ ಸುತ್ತನ್ನು ಆ ಎತ್ತರದಿಂದಲೇ ಆರಂಭಿಸಿ ಏರಿಸುತ್ತಾ ಹೋಗಬೇಕು. ಹಪ್ಪಳ ಮುರಿದ ತಂಡಕ್ಕೆ ಅಂಕ ಕಳೆಯಬಾರದು. ಎಲ್ಲಿ ಮುರಿಯಿತು, ಏನು ಬದಲಿಸುತ್ತೀರಿ ಎಂಬ ಎರಡು ಸಾಲು ಬರೆದು ಮತ್ತೊಂದು ಹಪ್ಪಳ ಪಡೆಯುವ ಹಕ್ಕು ಅವರಿಗಿರಬೇಕು. ನನ್ನ ತರಗತಿಯಲ್ಲಿ ಗೆದ್ದ ನೌಕೆಗಳಿಗಿಂತ ಮೂರನೆಯ ಯತ್ನದಲ್ಲಿ ನಿಂತ ನೌಕೆಗಳ ವಿವರಣೆಯೇ ಹೆಚ್ಚು ಸ್ಪಷ್ಟವಾಗಿರುತ್ತದೆ.

ರೋವರ್, ಎಂದರೆ ಚಂದ್ರ ಮಂಗಳಗಳ ನೆಲದ ಮೇಲೆ ಓಡಾಡುವ ಯಂತ್ರದ ಗಾಡಿ, ಅದರ ಆಟಕ್ಕೆ ಅರ್ಧ ಅವಧಿ ಸಾಕು. ಒಂದು ಮಗು ಚಂದ್ರಯಾನ-3ರ ರೋವರ್ ಪ್ರಜ್ಞಾನ, ಕಣ್ಣಿಗೆ ಬಟ್ಟೆ. ಹೊರಗೆ ಪಡಸಾಲೆಯಲ್ಲಿ ಕುಳಿತ ನಾಲ್ವರು ನಿಯಂತ್ರಣ ಕೇಂದ್ರ. ತರಗತಿಯ ನೆಲದ ಮೇಲೆ ಇಟ್ಟಿಗೆ, ಚೀಲಗಳೇ ಕುಳಿ ಬಂಡೆಗಳು. ಒಳಗಿನ ನೋಟವನ್ನು ಒಬ್ಬ ಚಿತ್ರಗಾರ ಚೀಟಿಯಲ್ಲಿ ಬರೆದು ಕಳಿಸಬೇಕು, ಕೇಂದ್ರದವರು ‘ಮೂರು ಹೆಜ್ಜೆ ಮುಂದೆ, ಬಲಕ್ಕೆ ತಿರುಗು’ ಎಂಬಂತೆ ಆಜ್ಞೆ ಬರೆದು ಕಳಿಸಬೇಕು, ಕೂಗುವಂತಿಲ್ಲ; ಆ ಚೀಟಿಯನ್ನು ಚಿತ್ರಗಾರ ಪ್ರಜ್ಞಾನಕ್ಕೆ ಓದಿ ಹೇಳಬೇಕು. ಚಂದ್ರನಿಗೆ ಸಂಕೇತ ಹೋಗಲು 1.3 ಸೆಕೆಂಡು ಸಾಕಾದರೂ ಮಂಗಳಕ್ಕೆ ದೂರಕ್ಕೆ ತಕ್ಕಂತೆ 3ರಿಂದ 22 ನಿಮಿಷ ಬೇಕು. ಎರಡನೆಯ ಸಲ ಆಡುವಾಗ ಪ್ರತಿ ಚೀಟಿಯನ್ನೂ ಬಾಗಿಲಲ್ಲಿ ಮೂರು ನಿಮಿಷ ತಡೆದರೆ, ರೋವರ್ ಏಕೆ ಸ್ವಲ್ಪಮಟ್ಟಿಗೆ ತಾನೇ ಯೋಚಿಸಬೇಕಾಗುತ್ತದೆಂದು ಬೇಸರಗೊಂಡ ಮಕ್ಕಳೇ ಹೇಳುತ್ತಾರೆ. 26 ಕಿ.ಗ್ರಾಂ. ತೂಕದ ನಿಜವಾದ ಪ್ರಜ್ಞಾನ ಸೆಕೆಂಡಿಗೆ ಒಂದು ಸೆಂ.ಮೀ. ವೇಗದಲ್ಲಿ ಚಲಿಸುತ್ತಿತ್ತು, ಆ ಲೆಕ್ಕದಲ್ಲಿ ಎಂಟು ಮೀಟರ್ ದಾಟಲು ಹದಿಮೂರು ನಿಮಿಷಕ್ಕೂ ಹೆಚ್ಚು. ಚಂದ್ರಯಾನದೊಡನೆ ಮಾತನಾಡಲು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆ್ಯಂಟೆನಾ ಇದೆ. ಮಕ್ಕಳು ಆಗಲೇ ದಿಕ್ಕು ಗುರುತಿಸಿದ ಮಾಳಿಗೆಯ ಡಿಶ್ಶಿನೊಡನೆ ಅದನ್ನು ಹೋಲಿಸಲಿ.

ಕೊನೆಯ ಚಟುವಟಿಕೆಗೆ ಒಂದು ವಾರ ಬೇಕು, ಮತ್ತು ಇದರ ಬೇರು ನಮ್ಮದೇ ನೆಲದಲ್ಲಿದೆ. 2025ರ ಜೂನ್ 25ರಂದು ಹೊರಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದ ಮೊದಲ ಭಾರತೀಯ ಶುಭಾಂಶು ಶುಕ್ಲಾ ಅಲ್ಲಿ ಮೊಳೆಯಿಸಿದ ಹೆಸರು ಮತ್ತು ಮೆಂತ್ಯೆ ಕಾಳಿನ ಪ್ರಯೋಗವನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ವಿಜ್ಞಾನಿಗಳು. ಮುಂಗಾರಿನಲ್ಲಿ ಮನೆಯ ಹೊಲದಲ್ಲಿ ಹೆಸರು ಬಿತ್ತುವ ಮಕ್ಕಳಿಗೆ ಈ ಸುದ್ದಿಯನ್ನು ಹೇಳಿದಾಗ ಅವರ ಮುಖ ನೋಡಬೇಕು. ನಾವು ಮಾಡಬೇಕಾದದ್ದು ಇಷ್ಟು. ಒಂದು ಗಾಜಿನ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಚೌಕಕ್ಕೆ ಒದ್ದೆ ಬಟ್ಟೆ ಹಾಸಿ, ರಾತ್ರಿ ನೆನೆಸಿದ ಆರು ಹೆಸರುಕಾಳು, ಆರು ಮೆಂತ್ಯೆಕಾಳನ್ನು ಸಾಲಾಗಿ ಇಟ್ಟು, ಮೇಲೊಂದು ಚೌಕ ಮುಚ್ಚಿ, ರಬ್ಬರ್ ಬ್ಯಾಂಡಿನಿಂದ ಬಿಗಿದು, ಬೆಳಕು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಬೇರು ಒಂದು ಬೆರಳಿನ ಅಗಲದಷ್ಟು ಕೆಳಕ್ಕೆ ಇಳಿದ ದಿನ ಚೌಕವನ್ನು ಕಾಲುಸುತ್ತು ತಿರುಗಿಸಿ ನಿಲ್ಲಿಸಬೇಕು; ಮರುದಿನ ಬೇರಿನ ತುದಿ ಬಾಗಿ ಮತ್ತೆ ಕೆಳಕ್ಕೆ ಹೊರಟಿರುತ್ತದೆ. ಇನ್ನೂ ಕಾಲುಸುತ್ತು ತಿರುಗಿಸಿದರೆ ಮತ್ತೆ ಬಾಗುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಗಾಜಿನ ಮೇಲೆ ಬೇರೆ ಬೇರೆ ಬಣ್ಣದ ಸ್ಕೆಚ್‌ಪೆನ್ನಿನಿಂದ ಬೇರಿನ ಗೆರೆ ಎಳೆಯುತ್ತಾ ಹೋಗಬೇಕು, ಬಟ್ಟೆ ಒಣಗದಂತೆ ನೀರು ಚಿಮುಕಿಸಬೇಕು.

ಐದನೆಯ ದಿನ ಆ ಬಣ್ಣದ ಮೆಟ್ಟಿಲುಗಳನ್ನು ಮುಂದಿಟ್ಟುಕೊಂಡು ಮಕ್ಕಳು ತಮ್ಮ ಕೊನೆಯ ಅಂದಾಜನ್ನು ಬರೆಯಬೇಕು: ಬಾಟಲಿಯೂ ನೀರೂ ಒಟ್ಟಿಗೆ ಬೀಳುವಂಥ ಆ ನಿಲ್ದಾಣದೊಳಗೆ, ಕೆಳಗೆ ಎಂಬುದೇ ತಿಳಿಯದ ಹೆಸರುಕಾಳಿನ ಬೇರು ಯಾವ ಕಡೆಗೆ ಹೋಗುತ್ತದೆ? ಕಳೆದ ವರ್ಷ ನನ್ನ ತರಗತಿಯಲ್ಲಿ ಒಂಬತ್ತು ಜನ ‘ಭೂಮಿ ಇರುವ ಕಡೆಗೆ’ ಎಂದು ಬರೆದರು, ಏಳು ಜನ ‘ಸಿಕ್ಕ ಸಿಕ್ಕ ಕಡೆಗೆ’ ಎಂದರು, ಒಬ್ಬಳು ‘ನೀರಿರುವ ಕಡೆಗೆ, ಬೆಳಕಿಲ್ಲದ ಕಡೆಗೆ’ ಎಂದು ಬರೆದಳು. ಆ ಮೂರನೆಯ ಉತ್ತರವನ್ನು ಪರೀಕ್ಷಿಸಲು ಕಪಾಟಿನ ಬಾಗಿಲಿಗೆ ಎಷ್ಟು ದೊಡ್ಡ ತೂತು ಕೊರೆಯಬೇಕೆಂಬ ಚರ್ಚೆಯಲ್ಲಿ ಮುಂದಿನ ಅವಧಿ ಪೂರ್ತಿ ಹೋಯಿತು. ತೂತು ಕೊರೆದ ಕಪಾಟು ಈಗಲೂ ತರಗತಿಯ ಮೂಲೆಯಲ್ಲಿದೆ.